ಸಾಸರ್ ಇಟ್ಟು ಎಳೆದ ಗೆರೆ

ಹತ್ತೊಂಬತ್ತು ವರ್ಷಗಳಿಂದ ಮೇವಿಸ್ ಪ್ರತಿ ಭಾನುವಾರ ಹೂ ಹಿಡಿದು ಟ್ರಾಮ್ ಹತ್ತುತ್ತಿದ್ದಳು. ಮೂರನೇ ನಿಲ್ದಾಣದಲ್ಲಿ ಇಳಿದರೆ ಸ್ಮಶಾನ. ಅಲ್ಲಿ ಅವಳ ಮಗಳು ಜಾನೈನ್ ಮಲಗಿದ್ದಾಳೆ. ಮಳೆ ಸುರಿಯಲಿ, ಕಡಲ ಗಾಳಿ ಕೊಡೆಯನ್ನೇ ಮಗುಚಿ ಹಾಕಲಿ, ಒಂದು ವಾರವೂ ತಪ್ಪಿಸಿದವಳಲ್ಲ. ಅಂಥವಳು ಈಗ ಮೂರು ಭಾನುವಾರಗಳಿಂದ ಮನೆಯ ಹೊಸಿಲು ದಾಟಿಲ್ಲ. ತಂದ ಹೂಗಳು ಅಡುಗೆಮನೆಯ ಸಿಂಕ್‌ನಲ್ಲೇ ಬಾಡಿಹೋಗಿವೆ.

ಆಗಿದ್ದು ಇಷ್ಟು. ಅದಕ್ಕೂ ಹಿಂದಿನ ಭಾನುವಾರ ಟ್ರಾಮ್ ನಿಲ್ದಾಣದಲ್ಲಿ ಅವಳ ಮುಂದೆ ನಿಂತಿದ್ದ ಗಂಡಸು ತಿರುಗಿ ನೋಡಿದ. ತಲೆ ಬೋಳಾಗಿತ್ತು, ಹೊಟ್ಟೆ ಬಂದಿತ್ತು. ಆದರೂ ಒಂದು ಭುಜ ಇಳಿಬಿಟ್ಟು ನಿಲ್ಲುವ ಆ ಭಂಗಿಯನ್ನು ಅವಳು ಮರೆಯುವುದುಂಟೇ? ವಾರೆನ್. ಜಾನೈನ್‌ಳ ಗೆಳೆಯನಾಗಿದ್ದವನು, ನಿನ್ನ ಸಹವಾಸ ಸಾಕು ಎಂದು ಅವಳು ಹೇಳಿದ್ದಕ್ಕೆ ಅವಳನ್ನು ಕೊಂದವನು. ನ್ಯಾಯಾಧೀಶರು ಅವನಿಗೆ ಜೀವಾವಧಿ ಶಿಕ್ಷೆ ಕೊಟ್ಟಿದ್ದರು. ಜೀವಾವಧಿ ಎಂದರೆ ಜೈಲಿನಿಂದ ಹೆಣವಾಗಿಯೇ ಹೊರಬರುವುದು ಎಂದು ಕಡಲ ದಂಡೆಯ ಆ ಫ್ಲೀಟ್‌ವುಡ್ ಊರಿನ ಅರ್ಧ ಜನರಂತೆ ಮೇವಿಸ್ ಕೂಡ ನಂಬಿದ್ದಳು. ಅವನು ಅವಳನ್ನು ಗುರುತಿಸಿ, ತಲೆ ತಗ್ಗಿಸಿ, ಬಿರಬಿರನೆ ನಡೆದುಬಿಟ್ಟ. ಮೇವಿಸ್ ಟ್ರಾಮ್ ಹತ್ತದೆ ಹೂ ಹಿಡಿದೇ ಮನೆಗೆ ಮರಳಿದಳು.

ಅವಳಿಗೆ ತನ್ನ ಜೀವದ ಭಯವಿರಲಿಲ್ಲ. ಜಾನೈನ್‌ಳ ಮಗಳು ಬೆಥನಿಗೆ ಆಗ ಎರಡು ವರ್ಷ, ಈಗ ಇಪ್ಪತ್ತೊಂದು. ಮುಖವೆಲ್ಲ ತಾಯಿಯದೇ. ಮೀನು ಕರಿಯುವ ಅಂಗಡಿಯಲ್ಲಿ ಕೆಲಸ. ಆ ಮನುಷ್ಯ ಒಂದು ದಿನ ಅಂಗಡಿಗೆ ಬಂದು ಬೆಥನಿಯ ಎದುರು ನಿಂತು ಮೀನು, ಚಿಪ್ಸ್ ಕೇಳಿದರೆ? ಈ ಒಂದೇ ಯೋಚನೆ ಮೇವಿಸ್‌ಳ ಹಗಲುಗಳನ್ನು ತಿಂದುಹಾಕಿತ್ತು.

ಆ ವಾರ ರೇಡಿಯೊ ತುಂಬ ಅದೇ ಮಾತು. ಬೇರೊಂದು ಊರಿನಲ್ಲಿ ಜೀವಾವಧಿಯಿಂದ ಬಿಡುಗಡೆಯಾದವನೊಬ್ಬ ಮತ್ತೊಂದು ಕೊಲೆ ಮಾಡಿದ್ದ. "ಬೀಗ ಹಾಕಿ ಕೀ ಸಮುದ್ರಕ್ಕೆ ಎಸೀರಿ" ಎಂದು ಒಬ್ಬರು ಫೋನಿನಲ್ಲಿ ಕೂಗಿದರು. "ಒಬ್ಬ ಕೆಟ್ಟ ಅಂತ ಬದಲಾದವರಿಗೆಲ್ಲ ಶಿಕ್ಷೆ ಯಾಕೆ?" ಎಂದು ಇನ್ನೊಬ್ಬರು ಕೇಳಿದರು. ಮೇವಿಸ್‌ಳ ಗಂಡ ಕ್ಲಿಫ್ ಎದ್ದು ರೇಡಿಯೊದ ಕಿವಿ ಹಿಂಡಿದ.

"ಸರ್ಕಾರಕ್ಕೆ ನಾಚಿಕೆ ಆಗ್ಬೇಕು. ಅವನನ್ನ ಬಿಡೋ ಮುಂಚೆ ಒಂದು ಮಾತು ಹೇಳ್ಲಿಲ್ಲ ನಮಗೆ. ನಾಳೆನೇ ಅವನ ಮುಖ ಫೇಸ್‌ಬುಕ್‌ಗೆ ಹಾಕ್ತೀನಿ. ಊರೋರೇ ನೋಡ್ಕೊಳ್ಳಲಿ."

ಪಕ್ಕದ ಮನೆಯ ಹಿಲ್ಡಾ ಚಹಾ ಕುಡಿಯಲು ಬಂದು ಕೂತಿದ್ದಳು. ಜೈಲಿನಿಂದ ಬಿಡುಗಡೆಯಾದವರನ್ನು ಮೊದಮೊದಲು ಇರಿಸುವ ವಸತಿಗೃಹವೊಂದರಲ್ಲಿ ಹನ್ನೊಂದು ವರ್ಷ ಅಡುಗೆ ಮಾಡಿದವಳು.

"ಹಾಕಪ್ಪ, ಹಾಕು" ಅಂದಳು. "ನಾಲ್ಕು ಹುಡುಗರು ಹೋಗಿ ಅವನ ಕಿಟಕಿ ಒಡೀತಾರೆ. ಅವನು ಎಲ್ಲೋ ತಲೆಮರೆಸ್ಕೋತಾನೆ. ಆಮೇಲೆ ಅವನ ಮೇಲೆ ಕಣ್ಣಿಡೋ ಆಫೀಸರಿಗೂ ಅವನು ಸಿಗಲ್ಲ. ನಿನ್ನ ಮೊಮ್ಮಗಳಿಗೆ ಅದರಿಂದ ಏನು ಬಂತು?"

"ಕಣ್ಣಿಡ್ತಾರಂತೆ! ಬಿಟ್ಟಾಯ್ತಲ್ಲ, ಇನ್ನೆಂಥ ಕಣ್ಣು?"

"ಬಿಟ್ಟಿದಾರೆ ಅಂದ್ರೆ ಕೈ ತೊಳ್ಕೊಂಡ್ರು ಅಂತಲ್ಲ ಕಣಯ್ಯಾ. ಅವನು ಸಾಯೋವರೆಗೂ ಲೈಸೆನ್ಸ್ ಮೇಲಿರ್ತಾನೆ. ಲೈಫ್ ಲೈಸೆನ್ಸ್ ಅಂತಾರೆ. ಎಲ್ಲಿರ್ಬೇಕು, ಯಾರ ಹತ್ರ ಹೋಗಬಾರದು, ಎಲ್ಲದಕ್ಕೂ ಷರತ್ತು. ಮುರಿದ್ರೆ ಮತ್ತೆ ಒಳಗೆ ಹಾಕಬಹುದು."

"ಕಾಗದದ ಮೇಲೆ ಎಲ್ಲಾ ಚೆಂದ" ಎಂದ ಕ್ಲಿಫ್. "ರೇಡಿಯೊದಲ್ಲಿ ಹೇಳಿದ್ರಲ್ಲ, ಆ ಕೊಲೆ ಮಾಡಿದವನಿಗೂ ಷರತ್ತು ಇರ್ಲಿಲ್ವಾ?"

ಹಿಲ್ಡಾ ಕಪ್ ಕೆಳಗಿಟ್ಟಳು. ಅವಳ ಮುಖ ಕಪ್ಪಿಟ್ಟಿತು.

"ಇತ್ತು. ನಾನು ನೋಡಿದವನಿಗೂ ಇತ್ತು. ಟೆರಿ ಅಂತ. ಒಂದು ಹನಿ ಕುಡೀಬಾರದು ಅನ್ನೋದೇ ಅವನ ಷರತ್ತು. ಬೆಳಗ್ಗೆ ಗಂಜಿ ಬಡಿಸುವಾಗ ವಾಸನೆ ಬಂತು ನಂಗೆ. ಒಂದಿನ ಅಲ್ಲ, ಒಂದು ವಾರ. ಪಾಪ, ಒಳಗೆ ಹಾಕಿಬಿಡ್ತಾರೆ ಅಂತ ಸುಮ್ಮನಿದ್ದೆ. ಹತ್ತನೇ ದಿನ ಒಬ್ಬ ಹೆಂಗಸಿನ ತಲೆ ಒಡೆದ. ಅವಳಿಗೆ ಈಗಲೂ ನೆಟ್ಟಗೆ ಮಾತು ಬರಲ್ಲ. ಆ ಒಂದು ಮಾತನ್ನ ನಾನು ಆಫೀಸಲ್ಲಿ ಹೇಳಿದ್ರೆ ಸಾಕಿತ್ತು. ಅದೇ ವಸತಿಯಲ್ಲಿದ್ದ ಇನ್ನೊಬ್ಬ ಈಗ ಬೇಕರಿ ಇಟ್ಟಿದಾನೆ, ಕ್ರಿಸ್‌ಮಸ್‌ಗೆ ಕಾರ್ಡ್ ಕಳಿಸ್ತಾನೆ. ಯಾರು ಯಾವ ಕಡೆ ಹೋಗ್ತಾರೆ ಅಂತ ಮುಖ ನೋಡಿ ಹೇಳೋಕಾಗಲ್ಲ ಮೇವಿಸ್. ಅದಕ್ಕೇ ಕಂಡವರು ಬಾಯಿ ಬಿಡಬೇಕು."

ಆಮೇಲೆ ಹಿಲ್ಡಾ ಕೇಳಿದಳು: "ಅದಿರ್ಲಿ, ಶಿಕ್ಷೆ ಆದ ಹೊಸದರಲ್ಲಿ ನಿಮಗೆ ಒಂದು ಪತ್ರ ಬಂದಿರಬೇಕಲ್ಲ? ಅವನ ಸುದ್ದಿ ನಿಮಗೆ ತಿಳಿಸ್ತಿರಬೇಕಾ ಅಂತ?"

"ಯಾವ ಪತ್ರಾನೂ ಬಂದಿಲ್ಲಪ್ಪ" ಎಂದಳು ಮೇವಿಸ್.

ಚಹಾ ಬಗ್ಗಿಸುತ್ತಿದ್ದ ಕ್ಲಿಫ್‌ನ ಕೈ ಅಲ್ಲೇ ನಿಂತಿತು.

"ಬಂದಿತ್ತು" ಎಂದ. "ಬೇಡ ಅಂತ ಗುರುತು ಹಾಕಿ ನಾನೇ ಅಂಚೆ ಡಬ್ಬಕ್ಕೆ ಹಾಕ್ದೆ. ಅವನ ಹೆಸರು ಈ ಮನೆಯೊಳಗೆ ಬರಕೂಡದು ಅಂತ. ನಿನಗೆ ಅಷ್ಟಾದ್ರೂ ನೆಮ್ಮದಿ ಇರ್ಲಿ ಅಂತ, ಮೇವಿಸ್."

ಮೇವಿಸ್ ಗಂಡನನ್ನೇ ನೋಡಿದಳು. ಹತ್ತೊಂಬತ್ತು ವರ್ಷ ಇಬ್ಬರೂ ಒಂದೇ ಮೇಜಿನಲ್ಲಿ ಉಂಡು, ಹವಾಮಾನದ ಮಾತಾಡಿ, ಮಗಳ ಮಾತು ಬಂದರೆ ಕೆಟಲ್ ಇಡಲು ಎದ್ದುಹೋದವರು. ಅವಳಿಗೆ ತಡೆಯಲಾರದಷ್ಟು ಅಳು ಬಂತು. ಅತ್ತಳು. ಕ್ಲಿಫ್ ಕೂಡ ಅತ್ತ.

"ಈಗ ಕಾಲ ಮಿಂಚಿಹೋಯ್ತಲ್ಲ" ಎಂದಳು ಕಣ್ಣೊರೆಸಿಕೊಂಡು.

"ಮಿಂಚಿಲ್ಲ. ಅವತ್ತು ಬೇಡ ಅಂದವರು ಇವತ್ತು ಬೇಕು ಅನ್ನಬಹುದು, ಅವನು ಹೊರಗೆ ಬಂದ ಮೇಲೂ. ನಡಿ, ಆ ಪತ್ರ ಕಳಿಸಿದ ಆಫೀಸಿಗೆ ಫೋನ್ ಮಾಡೋಣ" ಎಂದಳು ಹಿಲ್ಡಾ.

ಮಂಗಳವಾರ ಬೆಳಗ್ಗೆ ರುಬೀನಾ ಎಂಬ ಅಧಿಕಾರಿ ಮನೆಗೇ ಬಂದಳು. ಇಂಥ ಕುಟುಂಬಗಳ ಜೊತೆ ಮಾತಾಡುವುದೇ ಅವಳ ಕೆಲಸ. ಮೇಜಿನ ಮೇಲೆ ಊರಿನ ನಕ್ಷೆ ಹಾಸಿದಳು.

"ನೀವು ದಿನಾ ಎಲ್ಲೆಲ್ಲಿ ಓಡಾಡ್ತೀರೋ ಗುರುತು ಮಾಡಿ ಅಮ್ಮಾ. ಆ ಜಾಗಕ್ಕೆ ಅವನು ಕಾಲಿಡಬಾರದು ಅಂತ ಷರತ್ತು ಕೇಳಬಹುದು. ಕೊಡೋದು ಬಿಡೋದು ಅವನ ಬಿಡುಗಡೆಗೆ ಒಪ್ಪಿದ ಪೆರೋಲ್ ಬೋರ್ಡಿನ ತೀರ್ಮಾನ. ಆದ್ರೆ ಕೇಳದೇ ಇದ್ರೆ ಅವರಿಗೆ ಗೊತ್ತಾಗೋದಾದ್ರೂ ಹೇಗೆ?"

ಮೇವಿಸ್ ಪೆನ್ಸಿಲ್ ಹಿಡಿದು ಹುಡುಕಿದಳು. ಮನೆ. ಬೆಥನಿಯ ಅಂಗಡಿ. ಮಾರುಕಟ್ಟೆ. ಟ್ರಾಮ್ ನಿಲ್ದಾಣ. ಜಾನೈನ್. ಕೊನೆಗೆ ತನ್ನ ಚಹಾದ ಸಾಸರನ್ನು ನಕ್ಷೆಯ ಮೇಲೆ ಕವುಚಿ ಇಟ್ಟಳು. ಅವಳ ಬದುಕೆಲ್ಲ ಅದರಡಿ ಹಿಡಿಸಿತು. ಸುತ್ತ ಗೆರೆ ಎಳೆದಳು.

ಸಾಸರ್ ಎತ್ತಿದಾಗ ಗೆರೆಯೊಳಗೆ ಇನ್ನೊಂದು ಬೀದಿಯೂ ಕಂಡಿತು. ವಾರೆನ್‌ನ ತಾಯಿ ನೋರಾಳ ಬೀದಿ. ಮೀನಿನ ಶೆಡ್ಡಿನಲ್ಲಿ ಅವಳೂ ಮೇವಿಸ್‌ಳೂ ಅಕ್ಕಪಕ್ಕ ನಿಂತು ಪೆಟ್ಟಿಗೆ ತುಂಬಿದವರು. ಹತ್ತೊಂಬತ್ತು ವರ್ಷಗಳಿಂದ ಒಬ್ಬರನ್ನೊಬ್ಬರು ಕಂಡರೆ ರಸ್ತೆ ದಾಟಿಬಿಡುತ್ತಾರೆ.

"ಹಾಸಿಗೆ ಹಿಡಿದಿದಾಳಂತೆ ನೋರಾ" ಎಂದಳು ಜೊತೆಗೆ ಬಂದು ಕೂತಿದ್ದ ಹಿಲ್ಡಾ ಮೆಲ್ಲಗೆ.

"ಗೆರೆ ಹಾಗೇ ಇರಲಿ ಅಂತಾನೂ ಕೇಳಬಹುದು" ಎಂದಳು ರುಬೀನಾ. "ಇಲ್ಲಾಂದ್ರೆ ತಾಯಿನ ನೋಡೋಕೆ ಮಾತ್ರ, ಅವನ ಆಫೀಸರ್ ಒಪ್ಪಿಗೆ ತಗೊಂಡು, ಗೊತ್ತಾದ ದಿನ ಬರೋ ಹಾಗೆ. ನಿಮ್ಮ ಅಭಿಪ್ರಾಯ ಹೇಳಿ, ಬರ್ಕೋತೀನಿ. ಏನೇ ಹೇಳಿದ್ರೂ ತಪ್ಪಿಲ್ಲ."

ಮೇವಿಸ್ ನೋರಾಳ ಬೀದಿಯ ಮೇಲೆ ಬೆರಳಿಟ್ಟಳು.

"ಗುರುವಾರ ಬರಲಿ. ಬೆಥನಿಗೆ ಅವತ್ತು ರಜೆ, ನಾವು ಆಚೆ ಹೋಗಲ್ಲ. ಭಾನುವಾರ ನನ್ನದು. ಮತ್ತೆ ಕೇಳಿಲ್ಲಿ, ನಾನು ಕ್ಷಮಿಸಿದೀನಿ ಅಂತ ಎಲ್ಲೂ ಬರೀಬೇಡ."

"ಬರಿಯಲ್ಲಮ್ಮಾ" ಎಂದಳು ರುಬೀನಾ.

ಒಂದೂವರೆ ತಿಂಗಳಿಗೆ ಪತ್ರ ಬಂತು. ಕ್ಲಿಫ್ ಅದನ್ನು ಬಾಗಿಲ ಬಳಿಯಿಂದ ಎತ್ತಿಕೊಂಡು ಬಂದು, ತಾನೇ ಒಡೆದು, ಕನ್ನಡಕ ಏರಿಸಿಕೊಂಡು ನಿಂತ. ಬೋರ್ಡು ಒಪ್ಪಿತ್ತು. "ವಾರೆನ್" ಎಂದು ಗಟ್ಟಿಯಾಗಿ ಓದಿದ. ಆ ಮನೆಯೊಳಗೆ ಆ ಹೆಸರನ್ನು ಅವನು ಆಡಿದ್ದು ಅದೇ ಮೊದಲು. ಛಾವಣಿ ಬೀಳಲಿಲ್ಲ. ಮೇವಿಸ್ ಅವನ ತೋಳು ಹಿಡಿದುಕೊಂಡು ಕೊನೆಯ ಸಾಲಿನವರೆಗೂ ಕೇಳಿಸಿಕೊಂಡಳು. ಆ ಭಾನುವಾರ ಅವಳು ಮತ್ತೆ ಟ್ರಾಮ್ ಹತ್ತಿದಳು. ಹೂ ಈ ಸಲ ಕ್ಲಿಫ್‌ನ ಕೈಯಲ್ಲಿತ್ತು.

ಇದನ್ನು ಓದುತ್ತಿರುವ ನೀವೂ ಇಂಥ ನೋವು ಕಂಡವರಾಗಿದ್ದರೆ, ಆ ಪತ್ರಕ್ಕೆ ಬೇಡ ಎಂದು ಗುರುತು ಹಾಕುವ ಮುನ್ನ ಮನೆಯವರನ್ನು ಒಂದು ಮಾತು ಕೇಳಿ. ಆಗಲೇ ಬೇಡ ಎಂದಿದ್ದರೆ ಇವತ್ತೇ ಆ ಕಚೇರಿಗೆ ಫೋನ್ ಮಾಡಿ ಬೇಕು ಎನ್ನಿ. ಮನೆ ಬದಲಿಸಿದರೆ ಹೊಸ ವಿಳಾಸ ತಿಳಿಸಿ. ಬಿಡುಗಡೆಯಾದವನು ಷರತ್ತು ಮೀರುವುದು ಕಂಡರೆ ಬಾಗಿಲಿಗೆ ಕಲ್ಲು ಹೊಡೆಯಬೇಡಿ, ಪಾಪ ಎಂದು ಸುಮ್ಮನೆಯೂ ಇರಬೇಡಿ. ಅವನ ಮೇಲ್ವಿಚಾರಣೆಯ ಅಧಿಕಾರಿಗೆ ಹೇಳಿ, ಅಪಾಯ ಎದುರಿಗಿದ್ದರೆ ಪೊಲೀಸರನ್ನು ಕರೆಯಿರಿ. ರೇಡಿಯೊದ ಜಗಳ ಇವತ್ತಿಗೇ ಮುಗಿಯುವುದಲ್ಲ, ಅದು ನಡೆಯುತ್ತಿರಲಿ. ನಿಮ್ಮ ನಕ್ಷೆಯ ಮೇಲಿನ ಗೆರೆಯನ್ನು ಮಾತ್ರ ನೀವೇ ಎಳೆಯಬೇಕು.