ಕಿಂಡಿ ಮುಚ್ಚಿದ ಇಸ್ತ್ರಿಪೆಟ್ಟಿಗೆ

“ಕದ್ದು ತಿನ್ನದೆ ಮೈ ಹೀಗೆ ಬರುತ್ತೇನೇ? ಗಾಳಿ ಕುಡಿದು ಊದಿಕೊಂಡ್ಯಾ?”

ಅತ್ತೆಯ ಮಾತಿಗೆ ಸೊಸೆ ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದಳು. “ಬಡಿಸೋರು ನೀವೇ ಅಲ್ವಾ ಅತ್ತೆ? ಅರ್ಧ ತಟ್ಟೆ ಮಾಡಿದ್ರಿ, ಅದನ್ನೇ ತಿಂದೆ. ಇನ್ನು ಈ ಕೆಂಡ ತಿನ್ನಲಾ?”

ಮನೆಯ ಮುಂಗೋಣೆಯೇ ಅವರ ಇಸ್ತ್ರಿ ಅಂಗಡಿ. ಅತ್ತೆ ಆ ಮೇಜಿನ ಮುಂದೆ ನಿಂತೇ ಮುದುಕಿಯಾದವಳು. ಮಣಿಕಟ್ಟು ಸೋತ ಮೇಲೆ ಪೆಟ್ಟಿಗೆಯನ್ನು ಸೊಸೆಯ ಕೈಗಿತ್ತಿದ್ದಳು. ಚಕಚಕನೆ ಗಂಟುಗಟ್ಟಲೆ ಬಟ್ಟೆ ಮುಗಿಸುತ್ತಿದ್ದ ಸೊಸೆ ಈಗ ನಿಂತಲ್ಲೇ ತೂಕಡಿಸುತ್ತಾಳೆ. ನಿನ್ನೆ ಗಿರಾಕಿಯ ಅಂಗಿಯನ್ನೇ ಸುಟ್ಟಿದ್ದಳು. ಇನ್ನು ಮೇಜಿನ ಹತ್ತಿರ ಸುಳಿಯಬೇಡ, ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಎಂದು ಅತ್ತೆ ಹೇಳಿಯೇಬಿಟ್ಟಳು. ಮಗ ಬಟ್ಟೆಗಂಟು ಹೊತ್ತು ಮೆಲ್ಲಗೆ ಜಾರಿಕೊಂಡ.

ಬೊಜ್ಜು ಕರಗಿಸುವ ಪುಡಿಯೂ ಮನೆಗೆ ಬಂದಿತ್ತು. ಊಟ ಬಿಡಿಸಿ, ಇದನ್ನು ಕುಡಿಸಿ ಎಂದಿದ್ದ ಪುಡಿ ಮಾರುವವನು. ಡಬ್ಬ ಬರಿದಾಯಿತು, ಮೈ ಇಳಿಯಲಿಲ್ಲ.

ಜಗಳದ ನಡುವೆಯೇ ಆಸ್ಪತ್ರೆಯ ನರ್ಸಮ್ಮ ತನ್ನ ಸಮವಸ್ತ್ರ ಒಯ್ಯಲು ಬಂದಳು. ಕೆಂಡದ ಮುಂದೆ ನಿಂತವಳು ಶಾಲು ಹೊದ್ದಿದ್ದಾಳಲ್ಲ ಎಂದು ಅವಳಿಗೆ ಅಚ್ಚರಿಯಾಯಿತು. ಕೇಳಿದಾಗ ಸೊಸೆ ಒಂದೊಂದೇ ಹೇಳಿದಳು. ಸದಾ ಚಳಿ, ಸುಸ್ತು. ಮಲ ಕಟ್ಟುತ್ತದೆ, ಚರ್ಮ ಒಣಗಿದೆ, ಕೂದಲು ಉದುರುತ್ತಿದೆ. ಥೈರಾಯ್ಡ್ ತೊಂದರೆ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ ಎಂದಳು ನರ್ಸಮ್ಮ.

ಅತ್ತೆ ಮೂಗು ಮುರಿದಳು. “ಕಾಯಿಲೆ ಬಂದ್ರೆ ಮೈ ಇಳೀಬೇಕು ಕಣಮ್ಮ. ಮೈ ಏರೋ ಕಾಯಿಲೆ ಎಲ್ಲಿದೆ?”

“ಅಜ್ಜಿ, ಪೆಟ್ಟಿಗೆ ತುಂಬ ಇದ್ದಿಲು ಹಾಕಿ ಗಾಳಿಕಿಂಡಿ ಮುಚ್ಚಿದ್ರೆ ಏನಾಗುತ್ತೆ?”

“ಕೆಂಡ ಮಂಕಾಗುತ್ತೆ, ಇದ್ದಿಲು ಹಾಗೇ ಉಳಿಯುತ್ತೆ. ಅದನ್ನ ನಂಗೇ ಕೇಳ್ತೀಯಾ?”

“ಮೈಯೂ ಹಾಗೇ. ಊಟ ಇದ್ದಿಲು, ಗಂಟಲ ಮುಂದಿರೋ ಥೈರಾಯ್ಡ್ ಗ್ರಂಥಿ ಕಿಂಡಿ. ಅದರ ರಸ ಕಡಿಮೆಯಾದ್ರೆ ತಿಂದದ್ದು ನಿಧಾನ ಉರಿಯುತ್ತೆ. ಮೈಯಲ್ಲಿ ನೀರೂ ನಿಲ್ಲುತ್ತೆ. ಕಮ್ಮಿ ತಿಂದ್ರೂ ತೂಕ ಏರಬಹುದು.”

ಕಿಂಡಿ ನೋಡದೆ ಇದ್ದಿಲು ತೆಗೆಯುತ್ತಾ ಕೂತಿದ್ದೆನಲ್ಲ ಎಂದು ಅತ್ತೆಗೆ ಹೊಳೆಯಿತು. ಮರುದಿನ ತಾನೇ ಸೊಸೆಯನ್ನು ಆಸ್ಪತ್ರೆಗೆ ಕರೆದೊಯ್ದಳು.

ರಕ್ತ ಪರೀಕ್ಷೆಯಲ್ಲಿ ನರ್ಸಮ್ಮನ ಅನುಮಾನ ನಿಜವಾಯಿತು. ಡಾಕ್ಟರು ದಿನವೂ ನುಂಗಲು ಮಾತ್ರೆ ಕೊಟ್ಟರು. ಬೆಳಿಗ್ಗೆ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಆಮೇಲೆ ಅರ್ಧ ಗಂಟೆಯಾದರೂ ಟೀ, ತಿಂಡಿ ಕೂಡದು. ಸೊಸೆ ಮೊದಲ ದಿನವೇ ಟೀ ಜೊತೆ ನುಂಗಹೊರಟಾಗ ಅತ್ತೆ ಲೋಟ ಕಿತ್ತುಕೊಂಡಳು. ಅಂದಿನಿಂದ ಟೀ ಪಾತ್ರೆಗೆ ಅವಳದೇ ಕಾವಲು.

ಕೆಲವು ತಿಂಗಳಲ್ಲಿ ಶಾಲು ಗೋಡೆಯ ಮೊಳೆ ಸೇರಿತು, ಮುಖದ ಊತ ಇಳಿಯಿತು. ತೂಕ ಪೂರ್ತಿ ಇಳಿದಿಲ್ಲ. ಮಾತ್ರೆಯೊಂದೇ ಸಾಲದು, ನಡಿಗೆ, ಹಿತವಾದ ಊಟವೂ ಬೇಕೆಂದು ಡಾಕ್ಟರು ಮೊದಲೇ ಹೇಳಿದ್ದರು. ಪೆಟ್ಟಿಗೆ ಮಾತ್ರ ಮತ್ತೆ ಸೊಸೆಯ ಕೈಯಲ್ಲಿ ಸರಸರ ಓಡುತ್ತಿದೆ. ಅತ್ತೆ ಹೊಟ್ಟೆ ತುಂಬ ಬಡಿಸುತ್ತಾಳೆ.

ಒಂದು ದಿನ ಪುಡಿಯವನು ಇನ್ನೂ ದೊಡ್ಡ ಡಬ್ಬ ಹಿಡಿದು ಬಂದ. ಅತ್ತೆ ಅವನನ್ನು ಕೂರಲೂ ಬಿಡಲಿಲ್ಲ. “ಕಿಂಡಿ ಮುಚ್ಚಿದ ಪೆಟ್ಟಿಗೆಗೆ ಬೂದಿ ಸುರಿದ್ರೆ ಬಿಸಿಯಾಗುತ್ತೇನಪ್ಪಾ? ನಡಿ ಆಚೆ.”

ಅವನು ಚೀಲ ಹೊತ್ತು ಮೆಟ್ಟಿಲಿಳಿದ. ಮತ್ತೆ ಆ ಬೀದಿಗೆ ಬಂದಿಲ್ಲ.

ನಿಮ್ಮ ಬೀದಿಗೆ ಬಂದಿರಬಹುದು. ಬಂದರೆ ನೀವೂ ಹಾಗೇ ಕಳಿಸಿ. ದಪ್ಪಗಿರುವವರಿಗೆಲ್ಲ ಥೈರಾಯ್ಡ್ ತೊಂದರೆ ಇರುವುದಿಲ್ಲ, ನಿಜ. ಆದರೆ ಸುಸ್ತು, ಚಳಿ, ಏರುವ ತೂಕ ಒಟ್ಟಿಗೆ ಕಂಡರೆ ರಕ್ತ ಪರೀಕ್ಷೆ ಮಾಡಿಸಿ. ಡಾಕ್ಟರು ಮಾತ್ರೆ ಕೊಟ್ಟರೆ ಅವರನ್ನು ಕೇಳದೆ ನಿಲ್ಲಿಸಬೇಡಿ. ಮನೆಯವಳ ತಟ್ಟೆಗೆ ಕೈ ಹಾಕುವ ಮೊದಲು ಅವಳಿಗೆ ಚಳಿಯಾಗುತ್ತಿದೆಯೇ ಎಂದು ಒಮ್ಮೆ ಕೇಳಿ.