ಇಸಬೆಲಳ ಮೇಲಿನ ಮಣ್ಣು

"ಅಗಿಯಾಕ ಬಿಡೂದಿಲ್ಲ ಅಂದ್ರ ಬಿಡೂದಿಲ್ಲ," ಎಂದು ಜುಜೆ ಹೆಂಡತಿಯ ಗೋರಿಗೆ ಅಡ್ಡ ಕುಳಿತುಬಿಟ್ಟ.

ಸಲಿಕೆ ಹಿಡಿದು ಬಂದಿದ್ದ ನೆರೆಮನೆಯ ಫ್ರಾನ್ಸಿಸ್, ಜುಜೆಯ ಮಗಳು ಲೂಸಿಯ ಮುಖ ನೋಡಿದ. ಅವನು ತನ್ನ ಅಪ್ಪನ ಎಲುಬುಗಳನ್ನು ಬೆಳಿಗ್ಗೆಯೇ ತೆಗೆದು, ಹೊಸ ಬಟ್ಟೆಯಲ್ಲಿ ಕಟ್ಟಿ ಲಾರಿಗೆ ಏರಿಸಿದ್ದ. ಸೂಪಾ ಅಣೆಕಟ್ಟೆಯ ನೀರು ಈ ಮಳೆಗಾಲದಲ್ಲಿ ಸಿದ್ದಿಗಳ ಈ ಕೇರಿಯನ್ನು ನುಂಗುವುದು ಖಂಡಿತವಾಗಿತ್ತು. ಹೊಸ ಊರಿನಲ್ಲಿ ಪಾದ್ರಿಗಳು ಗೋರಿಗಳಿಗೆಂದು ಜಾಗ ಮಂತ್ರಿಸಿ ಇಟ್ಟಿದ್ದರು.

ಲೂಸಿ ಚಿಕ್ಕವಳಿದ್ದಾಗ ಜ್ವರಕ್ಕೆ ಹೋದವಳು ಇಸಬೆಲ್. ಅವ್ವನೊಬ್ಬಳನ್ನೇ ನೀರಿನ ಕೆಳಗೆ ಬಿಟ್ಟು ಹೋಗುವುದನ್ನು ನೆನೆದರೆ ಲೂಸಿಗೆ ಅನ್ನ ಸೇರುತ್ತಿರಲಿಲ್ಲ. ಒಯ್ಯೋಣ ಎಂದಾಗ ಅಪ್ಪನೂ ಒಪ್ಪಿದ್ದ. ಅವನ ಮನಸ್ಸು ಕೆಡಿಸಿದ್ದು ಅವಳೇ ಓದಿ ಹೇಳಿದ ಪಾಠ.

ಹಳಿಯಾಳದ ಶಾಲೆಯಿಂದ ರಜೆಗೆ ಬಂದವಳು ಅಪ್ಪನ ಇದ್ದಿಲ ಭಟ್ಟಿಯ ಪಕ್ಕ ಕುಳಿತು ಗಟ್ಟಿಯಾಗಿ ಓದಿದ್ದಳು. ಎಂದೋ ಕಾಡುಗಳು ಕೆಸರುನೀರಿನಲ್ಲಿ ಮುಳುಗಿದವು. ಗಾಳಿ ಸೋಕದ್ದರಿಂದ ಪೂರ್ತಿ ಕೊಳೆಯಲಿಲ್ಲ. ಮೇಲೆ ಮಣ್ಣು ಬಿದ್ದು ಬಿದ್ದು, ಭಾರಕ್ಕೂ ಕಾವಿಗೂ ಕಲ್ಲಿದ್ದಲಾದವು. ಜುಜೆ ಬೀಡಿ ಎಳೆಯುವುದನ್ನೂ ಮರೆತು ಕೇಳಿದ್ದ. ಬುದ್ಧಿ ಬಂದಾಗಿನಿಂದ ಅವನು ಮಾಡುತ್ತ ಬಂದದ್ದೂ ಹೆಚ್ಚುಕಡಿಮೆ ಅದನ್ನೇ ಅಲ್ಲವೇ! ಕಟ್ಟಿಗೆ ಒಟ್ಟಿ, ಸೊಪ್ಪು ಹೊದಿಸಿ, ಕೆಮ್ಮಣ್ಣು ಮೆತ್ತಿ, ಗಾಳಿ ಹೋಗದಂತೆ ಬೇಯಿಸುವುದು. ಅವಸರಪಟ್ಟು ಭಟ್ಟಿ ಒಡೆದರೆ ಭಗ್ಗನೆ ಹತ್ತಿಕೊಂಡು ಎಲ್ಲ ಬೂದಿ.

"ಫ್ರಾನ್ಸಿಸಾ, ನೀ ನಿಮ್ಮಪ್ಪನ್ನ ಒಡದಿ. ನಾ ಇಕಿನ್ನ ಒಡಿಯೂದಿಲ್ಲ," ಎಂದ ಜುಜೆ. "ಗಾಳಿ ಸೋಕಿದ್ರ ಬೂದಿ ಆಗತಾಳ. ಮುಚ್ಚಿದ್ರ ಉಳೀತಾಳ. ಪುಸ್ತಕದಾಗೂ ಹಂಗ ಬರದಾರ. ಹೌದಿಲ್ಲೋ, ಲೂಸಿ?"

"ಅಪ್ಪಾ, ಅದು ಕೋಟಿಗಟ್ಟಲೆ ವರ್ಷದ ಮಾತು. ನಿನ್ನ ಭಟ್ಟಿ ಹಂಗ ವಾರದಾಗ ಆಗೂದಲ್ಲ. ಅದಕ್ಕ ಮಾಸ್ತರು ಹೇಳಿದ್ರು, ಕಲ್ಲಿದ್ದಲು ಸುಟ್ಟು ಖಾಲಿ ಮಾಡಿದ್ರ ಮತ್ತ ನಮ್ಮ ಕಾಲಕ್ಕ ಹುಟ್ಟೂದಿಲ್ಲ ಅಂತ. ಅಲ್ಲೀತನಕ ಕಾಯಾಕ ಯಾರ ಇರತಾರ? ಬಿಟ್ಟು ಹೋದ್ರ ಅವ್ವ ಸಿಗೂದಿಲ್ಲಪ್ಪಾ."

"ಈಗೇನ ಸಿಗತಾಳೇನು?"

ಲೂಸಿಗೆ ಅಪ್ಪನ ಮೇಲೆ ಕೆಟ್ಟ ಸಿಟ್ಟು ಬಂತು, ಅದರ ಬೆನ್ನಿಗೇ ಅಳು. ಅಂದು ಕೋಟಿ ವರ್ಷದ ಮಾತು ಬರುವ ಮೊದಲೇ, ಅರ್ಧ ಪಾಠಕ್ಕೇ ಯಾಕಾದರೂ ನಿಲ್ಲಿಸಿದೆನೋ ಎಂದು ತನ್ನನ್ನೇ ಬೈದುಕೊಂಡಳು. ಫ್ರಾನ್ಸಿಸ್ ಸಲಿಕೆಯನ್ನು ಹೆಗಲಿಗೆ ಹಾಕಿಕೊಂಡು, "ಲಗೂನ ಬರ್ರಿ, ಲಾರಿ ನಿಲ್ಲೂದಿಲ್ಲ," ಎಂದು ಹೊರಟುಹೋದ.

ಜುಜೆ ಎದ್ದ. ಮತ್ತಿ ಮರದ ಸೊಪ್ಪು ಮುರಿದು ತಂದು ಗೋರಿಯ ತುಂಬ ಹೊದಿಸಿದ. ಹಳ್ಳದ ನೀರು ತಂದು ಕೆಮ್ಮಣ್ಣು ಕಲಸಿ ಮೆತ್ತತೊಡಗಿದ. ಎಷ್ಟು ಭಟ್ಟಿಗಳಿಗೆ ಪಳಗಿದ ಕೈಯೋ, ಎಲ್ಲೂ ಒಂದು ಬಿರುಕು ಕಾಣಲಿಲ್ಲ. ಮುನಿಸಿಕೊಂಡು ದೂರ ನಿಂತಿದ್ದ ಲೂಸಿ ಯಾವಾಗಲೋ ಹತ್ತಿರ ಬಂದು ಮಣ್ಣು ತುಳಿಯುತ್ತಿದ್ದಳು.

ಮೆತ್ತಿ ಮುಗಿದ ಮೇಲೆ ಜುಜೆ ರೂಢಿಯಂತೆ ನೆತ್ತಿಯಲ್ಲಿ ಬೆರಳು ಚುಚ್ಚಿ ಒಂದು ತೂತು ಮಾಡಿದ. ಭಟ್ಟಿಗೆ ಹಾಗೆ ತೂತು ಬಿಡುತ್ತಾರೆ. ಅದರಿಂದ ಬರುವ ಬಿಳಿ ಹೊಗೆ ನೀಲಿಗೆ ತಿರುಗಿದರೆ ಒಳಗೆ ಬೆಂದಿತೆಂದು ಮುಚ್ಚುತ್ತಾರೆ. ಜುಜೆ ಕುಕ್ಕರಗಾಲಲ್ಲಿ ಕುಳಿತು ಆ ತೂತನ್ನೇ ನೋಡಿದ. ಏನೂ ಬರಲಿಲ್ಲ.

"ಮುಚ್ಚಪ್ಪಾ. ಲಾರಿ ಹೊಂಟೈತಿ."

"ತಡಿ, ಇನ್ನೊಂದೀಟು." ಅವನು ಕೆಸರುಗೈಯನ್ನು ತೂತಿನವರೆಗೆ ಒಯ್ದು ಹಿಂದಕ್ಕೆ ತೆಗೆದ. "ನನ್ನ ಕೈಲೆ ಆಗವಲ್ದು, ಯವ್ವಾ."

ಲೂಸಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಮೊಣಕಾಲೂರಿದಳು. ತೂತಿನ ಮೇಲೆ ಅದನ್ನಿಟ್ಟು ಅಂಗೈಯಿಂದ ಒತ್ತಿದಳು. ರಸ್ತೆಯಲ್ಲಿ ಲಾರಿಯ ಹಾರ್ನ್ ಕೂಗಿತು, ಮತ್ತೊಮ್ಮೆ ಕೂಗಿತು. ಅವಳು ಕೈ ತೆಗೆಯಲಿಲ್ಲ.