ಹಸಿರು ಹಾಸ್ಟೆಲಿನ ಒಣ ತೊಟ್ಟಿ

ಕೊಳಾಯಿ ರಿಪೇರಿಯವನ ಮಗಳಿಗೆ ಹೋದಲ್ಲೆಲ್ಲ ಪೈಪಿನ ಮೇಲೆ ಕಣ್ಣು. ಅಪ್ಪನ ಹಿಂದೆ ಮಾಳಿಗೆ ಮಾಳಿಗೆ ಹತ್ತಿ, ಸ್ಪ್ಯಾನರ್ ಎತ್ತಿಕೊಡುತ್ತ ಬೆಳೆದವಳು. ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಗೊತ್ತಾಗದಿದ್ದರೆ ಅವಳಿಗೆ ಸಮಾಧಾನವೇ ಇಲ್ಲ. ಕಾಲೇಜಿಗೆಂದು ಬೇರೆ ಊರಿಗೆ ಹೊರಟಾಗಲೂ ಒಂದೇ ಪಟ್ಟು ಹಿಡಿದಳು: ನೀರು, ಕರೆಂಟು ಪೋಲಾಗದ ಜಾಗದಲ್ಲೇ ಇರುತ್ತೇನೆ.

ಆ ಊರಲ್ಲಿದ್ದ ಚಿಕ್ಕಮ್ಮ ಫೋನಿನಲ್ಲಿ ನಕ್ಕಳು. "ನಿನಗೆ ಹೇಳಿ ಮಾಡಿಸಿದಂಥ ಹಾಸ್ಟೆಲಿದೆ ಕಣೇ. ಕಾಲೇಜಿನವರ ಪಟ್ಟೀಲೇ 'ಹಸಿರು ಹಾಸ್ಟೆಲು' ಅಂತ ಮೊದಲನೇದು. ಮ್ಯಾನೇಜರು ನನಗೆ ಪರಿಚಯ. ನೀನು ಬಂದು ಸಹಿ ಹಾಕು, ಸಾಕು."

ಚಿಕ್ಕಮ್ಮನ ಜೊತೆ ಹೋಗಿ ನೋಡಿದರೆ ಹಾಸ್ಟೆಲಿನ ಗೋಡೆ ತುಂಬ ಬಳ್ಳಿ. ಸೇರಲು ಬಂದಿದ್ದ ಐದಾರು ಹುಡುಗಿಯರ ಮುಂದೆ ಮ್ಯಾನೇಜರು ಕೈ ಬೀಸಿ ವಿವರಿಸುತ್ತಿದ್ದ. "ಇಲ್ಲಿ ಸ್ನಾನದ ನೀರು ಒಂದು ಹನಿಯೂ ಪೋಲಾಗಲ್ಲ. ಶುದ್ಧ ಮಾಡಿ ಮತ್ತೆ ಬಳಸ್ತೀವಿ. ಬಿಸಿನೀರೆಲ್ಲ ಸೋಲಾರು."

ಅವಳು ಬಳ್ಳಿಯ ಎಲೆ ಮುಟ್ಟಿ ನೋಡಿದಳು. ಪ್ಲಾಸ್ಟಿಕ್ಕು. ಬೆರಳಿಗೆ ಧೂಳು ಹತ್ತಿತು.

"ಸಾರ್, ನೀರು ಶುದ್ಧ ಮಾಡೋ ತೊಟ್ಟಿ ಎಲ್ಲಿದೆ?"

"ಹಿತ್ತಲಲ್ಲಿ. ಅದನ್ನ ನೋಡಿ ನೀನೇನಮ್ಮ ಮಾಡ್ತೀಯ?"

ಅವಳು ನೇರ ಹಿತ್ತಲಿಗೆ ನಡೆದು, ಕಬ್ಬಿಣದ ಮುಚ್ಚಳಕ್ಕೆ ಎರಡೂ ಕೈ ಹಾಕಿ ಎಳೆದಳು. ಒಳಗೆ ಕಾಲು ಮುರಿದ ಕುರ್ಚಿಗಳು, ಖಾಲಿ ಪೇಂಟ್ ಡಬ್ಬಗಳು, ಅವುಗಳ ನಡುವೆ ಮರಿ ಹಾಕಿದ ಬೆಕ್ಕು. ನೀರಿನ ಪಸೆಯೂ ಇಲ್ಲ. ಬಚ್ಚಲಿನ ಪೈಪು ತೊಟ್ಟಿಯನ್ನು ಮುಟ್ಟದೆ ಪಕ್ಕದಲ್ಲೇ ಹಾದು ಬೀದಿಯ ಚರಂಡಿಗೆ ನೊರೆ ಸುರಿಯುತ್ತಿತ್ತು. ಹಿಂದೆಯೇ ಬಂದ ಹುಡುಗಿಯರು ಕತ್ತು ಚಾಚಿ ನೋಡಿದರು.

ಮ್ಯಾನೇಜರಿನ ಮುಖ ಕೆಂಪೇರಿತು. "ಓದೋಕೆ ಬಂದಿದ್ದೀಯೋ, ತಪಾಸಣೆಗೆ ಬಂದಿದ್ದೀಯೋ?"

"ಇರೋಕೆ ಬಂದಿದ್ದೆ. ಈಗ ಇಲ್ಲ."

ಬೀದಿಗೆ ಬರುತ್ತಲೇ ಚಿಕ್ಕಮ್ಮ ಸಿಡಿದಳು. "ನನ್ನ ಮರ್ಯಾದೆ ಹರಾಜು ಹಾಕಿಬಿಟ್ಟೆಯಲ್ಲೇ! ಚರಂಡಿ ನೋಡಿ ಯಾರಾದ್ರೂ ರೂಮು ಬೇಡ ಅಂತಾರಾ?"

"ನಾನು ಅಂತೀನಿ ಚಿಕ್ಕಮ್ಮಾ. ಅವರು ಹಸಿರು ಗಿಸಿರು ಅಂತ ನಮ್ಮ ಕಣ್ಣಿಗೆ ಮಣ್ಣೆರಚದೆ ಇದ್ದಿದ್ರೆ ನಾನು ಆ ಮುಚ್ಚಳ ಮುಟ್ತಾನೇ ಇರ್ಲಿಲ್ಲ."

ಮೂರು ದಿನ ಅಲೆದ ಮೇಲೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳ ಮನೆಯ ಮಹಡಿಯಲ್ಲಿ ರೂಮು ಸಿಕ್ಕಿತು. ಹಳೆಯ ಕಟ್ಟಡ, ದಪ್ಪ ಗೋಡೆ. ಎದುರುಬದುರು ಕಿಟಕಿಗಳಿದ್ದುದರಿಂದ ಹಗಲಲ್ಲಿ ದೀಪ, ಫ್ಯಾನು ಬೇಕಿರಲಿಲ್ಲ. ಬಚ್ಚಲ ನೀರು ಹಿತ್ತಲಿನ ಬಾಳೆಗೆ ಹೋಗುತ್ತಿತ್ತು. ಕಾಲೇಜಿಗೆ ನಡೆದರೆ ಹತ್ತು ನಿಮಿಷ. ಸೋರುತ್ತಿದ್ದ ಒಂದು ನಲ್ಲಿಗೆ ಅವಳೇ ಹೊಸ ವಾಷರ್ ಹಾಕಿದಳು. ಆಮೇಲೆ ಕಾಲೇಜಿನ ಸೂಚನಾ ಫಲಕಕ್ಕೆ, ಹಾಸ್ಟೆಲಿನ ಹಿತ್ತಲಲ್ಲಿ ಕಂಡಿದ್ದನ್ನು ಒಂದೂ ಬಿಡದೆ ಬರೆದು ಅಂಟಿಸಿದಳು. ಕೆಳಗೆ ಸಹಿಯನ್ನೂ ಹಾಕಿದಳು.

ವಾರ ಕಳೆಯುವಷ್ಟರಲ್ಲಿ ಕಾಲೇಜು ಆಫೀಸಿನ ಸೂಪರಿಂಟೆಂಡೆಂಟ್ ಅವಳನ್ನು ಕರೆಸಿದ. "ಹಾಸ್ಟೆಲಿನವರು ದೂರು ಕೊಟ್ಟಿದ್ದಾರೆ. ಕ್ಷಮಾಪಣೆ ಬರೆದುಕೊಡು, ಇಲ್ಲಿಗೇ ಮುಗಿಸೋಣ."

ಅವಳು ಹಾಳೆ ತೆಗೆದುಕೊಂಡು ಬರೆದಳು. ಆತ ಓದಿದ: "ತೊಟ್ಟಿ ಒಣಗಿದೆ. ನೀರು ಚರಂಡಿಗೆ ಹೋಗುತ್ತಿದೆ. ಇದರಲ್ಲಿ ಸುಳ್ಳು ಯಾವುದೆಂದು ತೋರಿಸಿದರೆ ಕ್ಷಮೆ ಕೇಳುತ್ತೇನೆ."

"ಇದು ಕ್ಷಮಾಪಣೆನಾ? ಮೊದಲನೇ ವರ್ಷಕ್ಕೇ ಹೀಗಾದ್ರೆ ಮುಂದೆ ನಿನಗೇ ಕಷ್ಟ."

"ಆಗ್ಲಿ ಸಾರ್. ಒಂದ್ಸಲ ನೀವೇ ಬಂದು ನೋಡಿ."

ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಅಷ್ಟರಲ್ಲಿ, ಅವಳನ್ನು ಕರೆಸಿದ ಸುದ್ದಿ ಕೇಳಿ ಬಂದ ನಾಲ್ವರು ಹುಡುಗಿಯರು ಬಾಗಿಲಲ್ಲಿ ಕಾಣಿಸಿಕೊಂಡರು. ಅಂದು ಅವಳ ಜೊತೆ ತೊಟ್ಟಿಗೆ ಇಣುಕಿದವರು, ಬೇರೆ ದಾರಿಯಿಲ್ಲದೆ ಅದೇ ಹಾಸ್ಟೆಲಿಗೆ ಸೇರಿದವರು. "ಸಾರ್, ನಮ್ಮನ್ನೂ ಕೇಳಿ. ದಿನಾ ಕರೆಂಟಿನ ಹೀಟರಲ್ಲೇ ನೀರು ಕಾಯಿಸ್ಕೊಳ್ತೀವಿ," ಎಂದಳು ಒಬ್ಬಳು. ಐದು ಜೊತೆ ಕಣ್ಣು ತನ್ನನ್ನೇ ನೋಡುತ್ತಿರುವಾಗ ಸೂಪರಿಂಟೆಂಡೆಂಟಿಗೆ ಏಳದೆ ವಿಧಿಯಿರಲಿಲ್ಲ.

ಹಾಸ್ಟೆಲಿನಲ್ಲಿ ಒಣ ತೊಟ್ಟಿ ನೋಡಿಯಾಯಿತು; ಸೋಲಾರ್ ನೋಡಲು ಹೋದರೆ ತಾರಸಿಗೆ ಬೀಗ. "ಕೀ ಎಲ್ಲೋ ಕಳೆದಿದೆ ಸಾರ್," ಎಂದ ಮ್ಯಾನೇಜರು.

"ಸಿಗೋ ತನಕ ಕಾಯ್ತೀವಿ," ಎಂದು ಅವಳು ಮೆಟ್ಟಿಲ ಮೇಲೆ ಕೂತಳು. ನಾಲ್ವರೂ ಪಕ್ಕದಲ್ಲಿ ಕೂತರು. ನಿಂತು ನಿಂತು ಸಾಕಾದ ಸೂಪರಿಂಟೆಂಡೆಂಟೂ ಕೊನೆಗೆ ಕರವಸ್ತ್ರ ಹಾಸಿ ಕೂತ. ಒಂದು ಗಂಟೆಯ ಮೇಲೆ ಕೀ ಮ್ಯಾನೇಜರಿನ ಮೇಜಿನ ಡ್ರಾಯರಲ್ಲೇ ಸಿಕ್ಕಿತು.

ತಾರಸಿಯ ಮೇಲೆ ಸೋಲಾರ್ ಫಲಕಗಳು ಫಳಫಳ ಹೊಳೆಯುತ್ತಿದ್ದವು. ಆದರೆ ಬಿಸಿನೀರು ಇಳಿಯಬೇಕಾದ ಪೈಪು ಮೊಳದುದ್ದ ಬಂದು ನಿಂತಿತ್ತು, ಬಾಯಿಗೆ ಬಿರಡೆ ಜಡಿದಿತ್ತು. ಸೂಪರಿಂಟೆಂಡೆಂಟ್ ಬಗ್ಗಿ ನೋಡಿದ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಕ್ಷಮಾಪಣೆಯ ಮಾತು ಆಮೇಲೆ ಅವನ ಬಾಯಲ್ಲಿ ಬರಲಿಲ್ಲ.

ಕಾಲೇಜಿನ ಪಟ್ಟಿಯಿಂದ ಹಾಸ್ಟೆಲನ್ನು ತೆಗೆಯಲಿಲ್ಲ, 'ಹಸಿರು' ಎಂಬ ಮಾತನ್ನಷ್ಟೇ ಹೊಡೆದುಹಾಕಿದರು. ಚಿಕ್ಕಮ್ಮ ತಿಂಗಳು ಪೂರ್ತಿ ಮಾತು ಬಿಟ್ಟಳು. ಹುಡುಗಿ ಮಾತ್ರ ವಾರಕ್ಕೊಮ್ಮೆ ಹಾಸ್ಟೆಲಿನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಕೊನೆಗೆ ಕಾಟ ತಾಳಲಾರದೆ ಮ್ಯಾನೇಜರು ಸೋಲಾರ್ ಪೈಪು ಜೋಡಿಸಿದ. ತೊಟ್ಟಿಯ ಮಾತೆತ್ತಿದರೆ ಮೂಗು ಮುರಿದ.

"ಅದೆಲ್ಲ ಮುಂದಿನ ವರ್ಷ ನೋಡೋಣ, ಹೋಗಮ್ಮ."

"ಸರಿ ಸಾರ್. ಮುಂದಿನ ವರ್ಷಾನೂ ನಾನು ಇದೇ ಕಾಲೇಜಲ್ಲಿರ್ತೀನಿ."